ಮೊದಲಕ್ಷರಗಳ ಹಿಂದಿನ ಮನುಷ್ಯರು

ಗೋಕಾಕ ತಾಲ್ಲೂಕಿನ ಧುಪದಾಳದ ಒಂದು ಮನೆ. ಹೈಸ್ಕೂಲಿಗೆ ಹೋಗುವ ಹುಡುಗನೊಬ್ಬನ ದಿನಚರಿಯನ್ನು ಸುಮ್ಮನೆ ನೋಡಿ. ಅವರ ಹೊಲಕ್ಕೆ ನೀರು ಬರುವುದು ಊರಿನ ಪಕ್ಕದಲ್ಲೇ ಘಟಪ್ರಭಾ ನದಿಗೆ ಕಟ್ಟಿದ ಒಡ್ಡಿನ ಕಾಲುವೆಯಿಂದ. ಆ ಒಡ್ಡಿಗೆ ನೀರು ಬರುವುದು ಮೇಲಿನ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ. ಅಜ್ಜಿಗೆ ಕಾಯಿಲೆಯಾದರೆ ಮನೆಯವರು ಹೋಗುವುದು ಘಟಪ್ರಭಾದ ‘ಕೆ.ಎಚ್.ಐ.’ಗೆ. ಅಕ್ಕ ಬೆಳಗಾವಿಯಲ್ಲಿ ‘ಆರ್.ಎಲ್.ಎಸ್.’ನಲ್ಲಿ ಓದುತ್ತಾಳೆ. ಸೋದರಮಾವನ ಮಗ ಹುಬ್ಬಳ್ಳಿಯಲ್ಲಿ ‘ಬಿ.ವಿ.ಬಿ.’ಯಿಂದ ಇಂಜಿನಿಯರ್ ಆದವನು. ಹುಡುಗನಿಗೆ ಈ ಅಕ್ಷರಗಳೆಲ್ಲ ಬಾಯಿಪಾಠ.

ಒಂದು ದಿನ ಅವನು ಅಪ್ಪನನ್ನು ಕೇಳುತ್ತಾನೆ: ‘ಅಪ್ಪಾ, ಆರ್.ಎಲ್. ಅಂದ್ರ ಯಾರು?’

‘ಯಾರೋ ದೊಡ್ಡವ್ರು ಇದ್ರಪಾ. ಡೊನೇಶನ್ ಕೊಟ್ಟಿರಬೇಕು, ಅದಕ್ಕ ಹೆಸರು ಇಟ್ಟಾರ.’

ಮಾತು ಅಲ್ಲಿಗೆ ಮುಗಿಯುತ್ತದೆ. ಅಪ್ಪ ಹೇಳಿದ್ದು ಸುಳ್ಳಲ್ಲ. ಆದರೆ ಕೊಟ್ಟವರು ಯಾರು, ಏನು ಕೊಟ್ಟರು, ಏಕೆ ಕೊಟ್ಟರು ಎಂಬುದು ಆ ಉತ್ತರದಲ್ಲಿ ಇಲ್ಲ. ಒಬ್ಬರ ಹೆಸರನ್ನು ಕಟ್ಟಡಕ್ಕೋ ಜಲಾಶಯಕ್ಕೋ ಇಡುವುದೆಂದರೆ ಸಮಾಜ ಸಲ್ಲಿಸಬಹುದಾದ ದೊಡ್ಡ ಗೌರವ. ಆ ಹೆಸರು ಎರಡು ಮೂರು ಇಂಗ್ಲಿಷ್ ಅಕ್ಷರಗಳಿಗೆ ಇಳಿದ ಮೇಲೆ ಗೌರವ ಎಲ್ಲಿ ಉಳಿಯಿತು? ಧುಪದಾಳದ ಸುತ್ತಮುತ್ತಲಿನ ಮಕ್ಕಳೂ ಅವರ ತಂದೆ ತಾಯಂದಿರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಶಾಲು, ಹಾರ, ಫೇಟಾ

ಈ ಭಾಗದಲ್ಲಿ ಸನ್ಮಾನಕ್ಕೇನೂ ಬರವಿಲ್ಲ. ಶಾಲೆಯ ಗ್ಯಾದರಿಂಗ್ ಇರಲಿ, ಊರ ಜಾತ್ರೆ ಇರಲಿ, ನವೆಂಬರಿನ ರಾಜ್ಯೋತ್ಸವ ಇರಲಿ, ವೇದಿಕೆಯ ಮೇಲೆ ಒಂದು ಸಾಲು ಕುರ್ಚಿ, ಕೆಳಗೆ ಬಿಸಿಲಲ್ಲಿ ಕುಳಿತ ಮಕ್ಕಳು. ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಮತ್ತು ನೆನಪಿನ ಕಾಣಿಕೆ ಕೊಡುತ್ತಾರೆ. ‘ಸಮಾಜಸೇವಕರು, ಕೊಡುಗೈ ದಾನಿಗಳು’ ಎಂದು ನಿರೂಪಕರು ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ಮರುದಿನ ಶಾಲೆಯ ಅಂಗಳದಲ್ಲಿ ಉದುರಿದ ಚೆಂಡುಹೂವಿನ ಎಸಳನ್ನು ಗುಡಿಸುವ ಮಕ್ಕಳನ್ನು ‘ನಿನ್ನೆ ಸನ್ಮಾನ ಆದವರು ಏನು ಮಾಡಿದ್ದರು?’ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಸನ್ಮಾನ ಮಾಡುವುದು ತಪ್ಪೆಂದು ಇದರ ಅರ್ಥವಲ್ಲ. ಊರಿಗೆ ಒಳ್ಳೆಯದು ಮಾಡಿದವರನ್ನು ಊರು ಕರೆದು ಕೂರಿಸಬೇಕು, ನಾಲ್ಕು ಮಾತು ಆಡಬೇಕು. ಆದರೆ ಆ ನಾಲ್ಕು ಮಾತಿನಲ್ಲಿ ಹೊಗಳಿಕೆಯ ಪದಗಳು ತುಂಬಿ, ಮಾಡಿದ ಕೆಲಸವೇ ಬಿಟ್ಟುಹೋದರೆ ಕೇಳುವ ಮಕ್ಕಳು ಕಲಿಯುವುದೇನು? ಶಾಲು ಯಾರಿಗೆ ಸಿಗುತ್ತದೆ ಎಂಬುದನ್ನು ಮಾತ್ರ.

ಹಿಂದಿನವರು ಹೇಗೆ ಗೌರವಿಸುತ್ತಿದ್ದರು?

ಈ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಕಟ್ಟುನಿಟ್ಟು. ಕನ್ನಡದ ಅತ್ಯಂತ ಹಳೆಯ ಶಾಸನಗಳ ಸಾಲಿನಲ್ಲಿ ನಿಲ್ಲುವ ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಮಕ್ಕಳು ಅದರ ಹೆಸರನ್ನು ಓದಿಯೇ ಇರುತ್ತಾರೆ. ಅದರಲ್ಲಿ ಇರುವುದಾದರೂ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬ ಸ್ಥಳೀಯ ನಾಯಕನಿಗೆ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟ ಸಂಗತಿ. ಬಾಳು ಎಂದರೆ ಕತ್ತಿ. ರಕ್ತ ಮೆತ್ತಿದ ಕತ್ತಿಯನ್ನು ತೊಳೆದು ವೀರನಿಗೆ ಕೊಡುವ ಗೌರವವೇ ಬಾಳ್ಗಳ್ಚು. ಹೀಗೆ ನಮ್ಮ ಭಾಷೆಯ ಮೊದಮೊದಲ ಬರಹವೊಂದು ಸನ್ಮಾನದ ದಾಖಲೆಯೇ ಆಗಿದೆ.

ಆ ದಾಖಲೆಯ ರೀತಿ ಗಮನಿಸಬೇಕಾದದ್ದು. ಯಾರಿಗೆ, ಯಾವ ಕೆಲಸಕ್ಕಾಗಿ, ಏನು ಕೊಟ್ಟರು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಕೊಟ್ಟದ್ದನ್ನು ಕೆಡಿಸಿದವರಿಗೆ ಪಾಪ ತಟ್ಟುತ್ತದೆಂಬ ಎಚ್ಚರಿಕೆಯೂ ಇದೆ. ಗೋಕಾಕದಲ್ಲಿಯೂ ದೆಜ್ಜ ಮಹಾರಾಜನೆಂಬ ಅರಸನ ಕಾಲದ ತಾಮ್ರಪಟ ದೊರೆತಿದೆ. ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಆ ಪಟ ಹೇಳುವುದೂ ಭೂಮಿ ದಾನದ ವಿಷಯವನ್ನೇ. ನಮ್ಮ ನಾಡಿನ ಸಾವಿರಾರು ದಾನಶಾಸನಗಳು ಭೂಮಿಯ ಅಳತೆ, ಎಲ್ಲೆ, ಉದ್ದೇಶ, ಸಾಕ್ಷಿಗಳನ್ನು ಬರೆದಿಟ್ಟಿವೆ. ದಾನ ಯಾವುದಕ್ಕೆ ಕೊಟ್ಟದ್ದೋ ಅದಕ್ಕೇ ಸಲ್ಲಬೇಕು ಎಂಬ ಕಾಳಜಿ ಅದರ ಹಿಂದಿತ್ತು. ಇಂದಿನ ಅಮೃತಶಿಲೆಯ ಫಲಕಗಳಲ್ಲಿ ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಉಪಸ್ಥಿತರಿದ್ದವರ ಹೆಸರು ಎಲ್ಲ ಇರುತ್ತವೆ. ಕೆಲಸದ ವಿವರ ಹುಡುಕಬೇಕಾಗುತ್ತದೆ.

ಆ ಹಳೆಯ ಶಾಸನಗಳಂತೆ ಬರೆಯುವುದಾದರೆ, ಧುಪದಾಳದ ಹುಡುಗನ ಬಾಯಲ್ಲಿರುವ ಅಕ್ಷರಗಳ ಹಿಂದೆ ಯಾರ್‍ಯಾರು ಇದ್ದಾರೆ? ಒಬ್ಬೊಬ್ಬರನ್ನಾಗಿ ನೋಡಬಹುದು.

ಸಿರಸಂಗಿಯ ಮೃತ್ಯುಪತ್ರ

ಬೆಳಗಾವಿಯ ‘ಲಿಂಗರಾಜ ಕಾಲೇಜು’ ಈ ಭಾಗದ ಮೂರು ನಾಲ್ಕು ತಲೆಮಾರು ಓದಿದ ಕಾಲೇಜು. ಅದರ ಹೆಸರಿನಲ್ಲಿರುವ ಲಿಂಗರಾಜರು ಸವದತ್ತಿ ತಾಲ್ಲೂಕಿನ ಸಿರಸಂಗಿಯ ದೇಸಾಯರು. 1861ರಲ್ಲಿ ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ ಹುಟ್ಟಿದಾಗ ಅವರ ಹೆಸರು ರಾಮಪ್ಪ. ಸಿರಸಂಗಿಯ ದೇಸಗತಿ ಮನೆತನಕ್ಕೆ ದತ್ತು ಹೋದ ಮೇಲೆ ಲಿಂಗರಾಜರಾದರು. ವಿಶಾಲವಾದ ಜಮೀನು, ವಾಡೆ, ಆಳುಕಾಳು ಎಲ್ಲವೂ ಇದ್ದ ಮನೆ ಅದು.

ಆ ಕಾಲದ ಜಹಗೀರುದಾರರು ಹಣವನ್ನು ಹೇಗೆ ಖರ್ಚು ಮಾಡುತ್ತಿದ್ದರೆಂಬುದು ಹಳ್ಳಿಗಳ ಹಿರಿಯರಿಗೆ ಗೊತ್ತು. ಲಿಂಗರಾಜರಿಗೆ ಬೇರೆ ಚಿಂತೆ ಹತ್ತಿತ್ತು. ಒಕ್ಕಲುತನದ ಮನೆಗಳ ಮಕ್ಕಳು ಶಾಲೆಯ ಮುಖ ಕಾಣದೆ ಉಳಿಯುತ್ತಿದ್ದಾರೆ, ಕಾಣಬೇಕೆಂದರೆ ದೂರದ ಪಟ್ಟಣದಲ್ಲಿ ಊಟಕ್ಕೂ ವಸತಿಗೂ ದಾರಿಯಿಲ್ಲ ಎಂಬ ಚಿಂತೆ. 1883ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯ ಕೆಲಸಕ್ಕೆ ಅವರು ಆಸರೆಯಾದರು. 1904ರಲ್ಲಿ ಧಾರವಾಡದಲ್ಲೇ ನಡೆದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾದರು. 1906ರಲ್ಲಿ, ಇನ್ನೂ ನಲವತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ತೀರಿಕೊಳ್ಳುವ ಮೊದಲು ಮೃತ್ಯುಪತ್ರ ಬರೆದು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟಿದ್ದರು. ಅದರಿಂದ ಹುಟ್ಟಿದ ಸಿರಸಂಗಿ ಲಿಂಗರಾಜ ಟ್ರಸ್ಟಿನ ಶಿಷ್ಯವೇತನದಿಂದ ಮುಂದೆ ಬಂದವರು ಅಸಂಖ್ಯ.

ಇಲ್ಲಿ ಎರಡು ಮಾತನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು. ಮೊದಲನೆಯದು, ಆ ಕಾಲದ ದಾನಗಳು ಬಹುಮಟ್ಟಿಗೆ ತಂತಮ್ಮ ಸಮಾಜದ ಮಕ್ಕಳಿಗಾಗಿ ಇದ್ದವು. ಲಿಂಗರಾಜರದೂ ಹಾಗೆಯೇ. ಎರಡನೆಯದು, ದೇಸಗತಿಯ ಸಂಪತ್ತು ಆಕಾಶದಿಂದ ಬಿದ್ದದ್ದಲ್ಲ, ಹೊಲದಲ್ಲಿ ದುಡಿದ ಒಕ್ಕಲು ಮಕ್ಕಳ ಬೆವರಿನಿಂದ ಬಂದದ್ದು. ಆದ್ದರಿಂದಲೇ ಅವರ ಕೊಡುಗೆಗೆ ಹೆಚ್ಚಿನ ಬೆಲೆ. ಬೆವರಿನ ಹಣ ಒಂದು ಸುತ್ತು ಹಾಕಿ ಒಕ್ಕಲ ಮನೆಗೇ ಪಾಟಿ ಪುಸ್ತಕವಾಗಿ ಮರಳಿತು. ಅವರ ಹೆಸರಿನ ಕಾಲೇಜಿನ ಬಾಗಿಲು ಎಲ್ಲ ಸಮಾಜದ ಮಕ್ಕಳಿಗೂ ತೆರೆಯಿತು.

ಏಳು ಜನ ಮಾಸ್ತರರು

ದಾನವೆಂದರೆ ಹಣವೇ ಇರಬೇಕೆಂದಿಲ್ಲ ಎಂಬುದಕ್ಕೆ ‘ಕೆ.ಎಲ್.ಇ.’ ಎಂಬ ಮೂರು ಅಕ್ಷರಗಳೇ ಸಾಕ್ಷಿ. ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯಿಂದ ಆರಂಭವಾಯಿತು. ಆರಂಭಿಸಿದವರು ಏಳು ಮಂದಿ. ಜನ ಅವರನ್ನು ಪ್ರೀತಿಯಿಂದ ‘ಸಪ್ತರ್ಷಿಗಳು’ ಎಂದರು. ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ ಅವರಲ್ಲಿ ಪ್ರಮುಖರು. ಓದಿದ ತರುಣರು. ಸರ್ಕಾರದ ನೌಕರಿ ಹಿಡಿದಿದ್ದರೆ ದೊಡ್ಡ ಸಂಬಳ, ಅಧಿಕಾರ, ಪಿಂಚಣಿ ಎಲ್ಲ ಅವರಿಗೆ ಸಿಗುತ್ತಿದ್ದವು. ಅದನ್ನು ಬಿಟ್ಟು ಮಾಸ್ತರಿಕೆ ಹಿಡಿದು, ಆಜೀವ ಸದಸ್ಯರಾಗಿ ತಮ್ಮ ಆಯುಷ್ಯವನ್ನೇ ಸಂಸ್ಥೆಗೆ ಬರೆದುಕೊಟ್ಟರು. ಅವರಲ್ಲಿ ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿ ಸಾಹಿತ್ಯದ ಇತಿಹಾಸದಲ್ಲಿಯೂ ನೆನಪಾಗಿ ಉಳಿದವರು.

ಅವರು ಶಾಲೆಗೆ ಹೆಸರಿಟ್ಟ ರೀತಿಯೂ ಅರ್ಥಪೂರ್ಣ. ಅದು ಬೆಳಗಾವಿಯ ‘ಜಿ.ಎ. ಹೈಸ್ಕೂಲ್’. ಜಿ ಎಂದರೆ ಗಿಲಗಂಚಿ, ಎ ಎಂದರೆ ಅರಟಾಳ. ಗಿಲಗಂಚಿ ಗುರುಸಿದ್ದಪ್ಪನವರು ಮತ್ತು ಅರಟಾಳ ರುದ್ರಗೌಡರು ಬ್ರಿಟಿಷರ ಕಾಲದಲ್ಲಿ ಡೆಪ್ಯುಟಿ ಕಲೆಕ್ಟರ್ ಹುದ್ದೆಗೇರಿದವರು. ಮೇಲೇರಿದ ಮೇಲೆ ಹತ್ತಿದ ಏಣಿಯನ್ನು ಒದೆಯದೆ, ಹಿಂದಿನವರಿಗೂ ಏಣಿ ಹಾಕಲು ಧಾರವಾಡದಲ್ಲಿ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಲು ದುಡಿದರು. ಏಳು ಜನ ಮಾಸ್ತರರು ತಮ್ಮ ಹೆಸರನ್ನು ಬಾಗಿಲ ಮೇಲೆ ಕೆತ್ತಿಸಿಕೊಳ್ಳಲಿಲ್ಲ. ತಮಗಿಂತ ಮೊದಲು ದುಡಿದವರ ಹೆಸರಿಟ್ಟರು.

ಲಿಂಗರಾಜ ಕಾಲೇಜು ಆರಂಭವಾದದ್ದು 1933ರಲ್ಲಿ. ಅದಕ್ಕೆ ಮೊದಲು ಬೆಳಗಾವಿ ಸೀಮೆಯ ಹುಡುಗ ಪದವಿ ಓದಬೇಕೆಂದರೆ ಧಾರವಾಡಕ್ಕೋ ಕೊಲ್ಲಾಪುರಕ್ಕೋ ಸಾಂಗಲಿಗೋ ಪುಣೆಗೋ ಗಂಟುಮೂಟೆ ಕಟ್ಟಬೇಕಿತ್ತು. ಹಳ್ಳಿಯ ಹುಡುಗನಿಗೆ ಓದುವ ಅವಕಾಶ ಸಿಕ್ಕರೆ ಎಲ್ಲಿಯವರೆಗೆ ಹೋಗಬಲ್ಲ ಎಂಬುದಕ್ಕೆ ಇದೇ ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆ ಉದಾಹರಣೆ. 1899ರಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದ ಆ ವಿಶಾಲ ಆವರಣವನ್ನು ಕಟ್ಟಿ ಬೆಳೆಸಿದರು. ನಂತರ ಪಂಜಾಬಿನ ರಾಜ್ಯಪಾಲರಾದರು. ಅಂಥ ಇನ್ನೆಷ್ಟು ಹುಡುಗರು ಊಟ ವಸತಿಯ ಅನುಕೂಲವಿಲ್ಲದೆ ಊರಲ್ಲೇ ಉಳಿದರೋ ಲೆಕ್ಕ ಇಟ್ಟವರಿಲ್ಲ. ಮಠಗಳ ಪ್ರಸಾದನಿಲಯಗಳು, ಟ್ರಸ್ಟುಗಳ ಶಿಷ್ಯವೇತನಗಳು ತುಂಬಿದ್ದು ಆ ಕೊರತೆಯನ್ನು.

ವಂಟಮುರಿಯ ರಾಜ

ಈಗ ಹುಡುಗ ಕೇಳಿದ ಪ್ರಶ್ನೆಗೆ ಬರಬಹುದು. ಆರ್.ಎಲ್. ಎಂದರೆ ರಾಜಾ ಲಖಮಗೌಡ. ವಂಟಮುರಿ ದೇಸಗತಿಯ ಸರದೇಸಾಯಿ ರಾಜಾ ಲಖಮಗೌಡ ಬಸವಪ್ರಭು. ಬೆಳಗಾವಿಯಲ್ಲಿ ಉನ್ನತ ಶಿಕ್ಷಣ ಬೇರೂರುವ ಕಾಲದಲ್ಲಿ ಬೆಂಬಲಕ್ಕೆ ನಿಂತವರು ಅವರು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಆರಂಭಿಸಿದ ಕಾನೂನು ಕಾಲೇಜಿಗೆ ಅವರ ಹೆಸರಿದೆ. ಕೆ.ಎಲ್.ಇ. ಸೊಸೈಟಿಯ ವಿಜ್ಞಾನ ಕಾಲೇಜಿಗೂ ಅವರ ಹೆಸರಿದೆ. ಎರಡು ಬೇರೆ ಬೇರೆ ಸಂಸ್ಥೆಗಳು ಒಬ್ಬರ ಹೆಸರನ್ನೇ ಇಟ್ಟುಕೊಂಡಿವೆ ಎಂದರೆ ಆ ಬೆಂಬಲ ಒಂದೇ ಬಾಗಿಲಿಗೆ ಸೀಮಿತವಾಗಿರಲಿಲ್ಲ ಎಂದಾಯಿತು. ಅಕ್ಕ ಓದುವ ‘ಆರ್.ಎಲ್.ಎಸ್.’ ಇದೇ.

ಹುಡುಗನಿಗೆ ಆಶ್ಚರ್ಯವಾಗುವ ಸಂಗತಿ ಇನ್ನೊಂದಿದೆ. ಜನರೆಲ್ಲ ‘ಹಿಡಕಲ್ ಡ್ಯಾಮ್’ ಎನ್ನುವ ಜಲಾಶಯದ ಅಧಿಕೃತ ಹೆಸರು ‘ರಾಜಾ ಲಖಮಗೌಡ ಜಲಾಶಯ’. 1970ರ ದಶಕದಲ್ಲಿ ಪೂರ್ಣಗೊಂಡ ಅದರ ಸಾಮರ್ಥ್ಯ 51 ಟಿ.ಎಂ.ಸಿ. ಘಟಪ್ರಭಾ ಯೋಜನೆಯ ನೀರಾವರಿ ಗುರಿ 3 ಲಕ್ಷ ಹೆಕ್ಟೇರಿಗೂ ಮೀರಿದ್ದು. ಹೀಗೆ ಅಕ್ಕನ ಕಾಲೇಜಿಗೂ ಅಪ್ಪನ ಕಬ್ಬಿನ ಹೊಲಕ್ಕೆ ನೀರು ಕೊಡುವ ಜಲಾಶಯಕ್ಕೂ ಒಂದೇ ಹೆಸರು. ಆದರೂ ಆ ಮನೆಯಲ್ಲಿ ಅದು ಯಾರ ಹೆಸರೆಂದು ಗೊತ್ತಿರಲಿಲ್ಲ.

ಹುಬ್ಬಳ್ಳಿಯ ‘ಬಿ.ವಿ.ಬಿ.’ಯ ಕಥೆಯೂ ಇಂಥದೇ. ಬಸಪ್ಪ ವೀರಪ್ಪ ಭೂಮರಡ್ಡಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಅಲ್ಲಿ 1947ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯ ಬಂದ ವರ್ಷವೇ ಉತ್ತರ ಕರ್ನಾಟಕದ ಹುಡುಗರಿಗೆ ಇಂಜಿನಿಯರಿಂಗ್ ಓದಿನ ಬಾಗಿಲು ಹುಬ್ಬಳ್ಳಿಯಲ್ಲೇ ತೆರೆಯಿತು. 2015ರಲ್ಲಿ ಆ ಕಾಲೇಜು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಜನರ ಬಾಯಲ್ಲಿ ಮಾತ್ರ ಇಂದಿಗೂ ಬಿ.ವಿ.ಬಿ.ಯೇ. ಅಕ್ಷರ ಉಳಿದಿದೆ. ಅದರ ಹಿಂದಿನ ಭೂಮರಡ್ಡಿಯವರನ್ನು ಉಳಿಸಿಕೊಳ್ಳುವುದು ಓದಿದವರ ಕೈಯಲ್ಲಿದೆ.

ಘಟಪ್ರಭಾದ ಡಾಕ್ಟರರು

ಧುಪದಾಳಕ್ಕೆ ಹೊಂದಿಕೊಂಡೇ ಇರುವ ಘಟಪ್ರಭಾದಲ್ಲಿ 1929ರಲ್ಲಿ ‘ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್’ ಹುಟ್ಟಿತು. ಅಜ್ಜಿ ಹೋಗುವ ‘ಕೆ.ಎಚ್.ಐ.’ ಅದು. ಸ್ಥಾಪಿಸಿದವರು ಡಾ. ಜಿ.ಆರ್. ಕೋಕಟನೂರ. ಜೊತೆಗೆ ನಿಂತವರು ಡಾ. ಎಂ.ಕೆ. ವೈದ್ಯ ಮತ್ತು ಡಾ. ನಾ.ಸು. ಹರ್ಡೀಕರ. ಆಗ ಒಳ್ಳೆಯ ಡಾಕ್ಟರರು ಇರುತ್ತಿದ್ದದ್ದು ದೊಡ್ಡ ಪಟ್ಟಣಗಳಲ್ಲಿ. ರೋಗಿ ಹಳ್ಳಿಯಲ್ಲಿ, ವೈದ್ಯ ಪಟ್ಟಣದಲ್ಲಿ. ನಡುವೆ ಎತ್ತಿನ ಗಾಡಿಯ ದಾರಿ. ಆ ದಾರಿಯನ್ನು ಕಡಿಮೆ ಮಾಡಲು ಡಾಕ್ಟರರೇ ಹಳ್ಳಿಗಾಡಿಗೆ ಬಂದು ನೆಲೆಯೂರಿದರು. ಆ ಪೀಳಿಗೆಯ ಸೇವೆಯ ದೊಡ್ಡತನ ಇರುವುದು ಅಲ್ಲಿಯೇ.

ಮೂವರಲ್ಲಿ ಹರ್ಡೀಕರರ ಬದುಕು ಮಕ್ಕಳು ಓದಲೇಬೇಕಾದದ್ದು. 1889ರಲ್ಲಿ ವಿಜಯಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಓದಿನ ಜೊತೆಗೆ ಲಾಲಾ ಲಜಪತರಾಯರ ಒಡನಾಡಿಯಾಗಿ ಭಾರತದ ಸ್ವರಾಜ್ಯದ ಪರ ಕೆಲಸ ಮಾಡಿದರು. 1921ರಲ್ಲಿ ಮರಳಿ ಹುಬ್ಬಳ್ಳಿಗೆ ಬಂದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಅನೇಕರು ಕಷ್ಟ ತಾಳಲಾರದೆ ಕ್ಷಮೆ ಕೇಳಿ ಹೊರಬಂದಾಗ, ಹರ್ಡೀಕರರೊಂದಿಗೆ ಹೋದ ಹುಬ್ಬಳ್ಳಿಯ ತಂಡ ಬಗ್ಗಲಿಲ್ಲ. ಉತ್ಸಾಹ ಇದ್ದರೆ ಸಾಲದು, ಶಿಸ್ತು ಬೇಕು ಎಂಬುದು ಅದರಿಂದ ಸ್ಪಷ್ಟವಾಯಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ‘ಹಿಂದೂಸ್ತಾನಿ ಸೇವಾದಳ’ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು.

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ಸಾವಿರಾರು ಜನರಿಗೆ ಊಟ, ವಸತಿ, ನೀರು, ಶುಚಿತ್ವ, ದಾರಿ ತೋರಿಸುವುದು. ವೇದಿಕೆಯ ಭಾಷಣ ಇತಿಹಾಸ ಸೇರಿತು. ವೇದಿಕೆಯ ಹಿಂದೆ ಪೊರಕೆ ಮತ್ತು ಬಕೀಟು ಹಿಡಿದು ನಿಂತ ಸ್ವಯಂಸೇವಕರ ದುಡಿಮೆ ಇಲ್ಲದಿದ್ದರೆ ಆ ಭಾಷಣ ನಡೆಯುತ್ತಲೇ ಇರಲಿಲ್ಲ. ಹರ್ಡೀಕರರ ಜೊತೆ ಮಹಿಳಾ ಸ್ವಯಂಸೇವಕಿಯರ ತಂಡ ಕಟ್ಟಿ ದುಡಿಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ.

ಮುಂದೆ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ತೀರಿಕೊಂಡರು. 1989ರಲ್ಲಿ, ಜನ್ಮಶತಮಾನೋತ್ಸವಕ್ಕೆ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಘಟಪ್ರಭಾದಲ್ಲಿ ಅವರ ಹೆಸರಿನ ಸೇವಾದಳ ತರಬೇತಿ ಕೇಂದ್ರವಿದೆ. ಉಮಾಬಾಯಿಯವರ ದಾರಿ ಇನ್ನೊಂದು ಬಗೆಯದು. ಸ್ವಾತಂತ್ರ್ಯ ಬಂದ ಮೇಲೆ ಪದವಿ ಪುರಸ್ಕಾರಗಳಿಂದ ದೂರ ಉಳಿದು, ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿ ಬದುಕಿ, 1992ರಲ್ಲಿ ನೂರು ವರ್ಷ ತುಂಬುವ ಹೊತ್ತಿಗೆ ಕಣ್ಣುಮುಚ್ಚಿದರು. ಒಬ್ಬರು ಗೌರವವನ್ನು ವಿನಯದಿಂದ ಸ್ವೀಕರಿಸಿದರು, ಇನ್ನೊಬ್ಬರು ವಿನಯದಿಂದಲೇ ಬೇಡವೆಂದರು. ಇಬ್ಬರೂ ಗೌರವಕ್ಕಾಗಿ ಕೆಲಸ ಮಾಡಿದವರಲ್ಲ.

ಪಟ್ಟಿಯಲ್ಲಿ ಇಲ್ಲದವರು

ಇಷ್ಟು ಹೆಸರುಗಳನ್ನು ಹೇಳಿದ ಮೇಲೆ ಹೆಸರೇ ಇಲ್ಲದವರ ಮಾತು ಬರಬೇಕು. ಅದಕ್ಕೆ ಧುಪದಾಳಕ್ಕಿಂತ ಒಳ್ಳೆಯ ಜಾಗ ಇಲ್ಲ.

1876ರಿಂದ 78ರವರೆಗಿನ ಭೀಕರ ಬರಗಾಲ ಈ ಸೀಮೆಯನ್ನು ನುಂಗಿತ್ತು. ಮಳೆಯನ್ನೇ ನಂಬಿದ ಬಯಲು ಹೊಲಗಳಿಗೆ ನದಿಯ ನೀರು ತರುವ ಯೋಚನೆಗೆ ಆ ನಂತರದ ಎರಡು ದಶಕಗಳಲ್ಲಿ ರೂಪ ಬಂತು. 1897ರಲ್ಲಿ ಧುಪದಾಳದ ಒಡ್ಡು ಮುಗಿದು, ಅಲ್ಲಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆ 71 ಕಿಲೋಮೀಟರ್ ಹರಿಯಿತು. ಹಿಡಕಲ್ ಕಟ್ಟಿದ ಮೇಲೆ ಅದು 109 ಕಿಲೋಮೀಟರಿಗೆ ಬೆಳೆಯಿತು. ಗೋಕಾಕ, ಮೂಡಲಗಿ ಕಡೆಯ ಹೊಲಗಳನ್ನು ಹಸಿರು ಮಾಡಿದ ಒಡ್ಡು ಇದು. ಕೆಳಗೆ ಕೆಲವೇ ಮೈಲಿ ದೂರದಲ್ಲಿ ಗೋಕಾಕ ಜಲಪಾತ. ಒಡ್ಡಿನ ಹಿನ್ನೀರಿಗೆ ವರ್ಷವರ್ಷವೂ ಹಕ್ಕಿಗಳು ಬರುತ್ತವೆ. 1974ರಲ್ಲಿ ಆ ಪ್ರದೇಶ ಪಕ್ಷಿಧಾಮವೆಂದು ಘೋಷಿತವಾಯಿತು.

ಈ ಒಡ್ಡಿಗೆ ಯಾವ ದಾನಿಯ ಹೆಸರೂ ಇಲ್ಲ. ಊರಿನ ಹೆಸರೇ ಅದರ ಹೆಸರು. ಯಂತ್ರಗಳಿಲ್ಲದ ಕಾಲದಲ್ಲಿ ಕಲ್ಲು ಒಡೆದವರು, ಸುಣ್ಣದ ಗಾರೆ ಅರೆದವರು, ಮಣ್ಣಿನ ಬುಟ್ಟಿ ಹೊತ್ತವರು ಯಾರೆಂದು ಯಾವ ಫಲಕವೂ ಹೇಳುವುದಿಲ್ಲ. ನೂರು ವರ್ಷ ದಾಟಿದರೂ ಅವರು ಜೋಡಿಸಿದ ಕಲ್ಲು ಕದಲಿಲ್ಲ.

ಹಿಡಕಲ್ ಜಲಾಶಯದ್ದೂ ಹಾಗೆಯೇ. ನೀರು ನಿಲ್ಲಲು ಊರುಗಳು ಜಾಗ ಬಿಟ್ಟುಕೊಡಬೇಕಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಮುಳುಗಡೆಯಾದ ವಿಠ್ಠಲ ಮಂದಿರ ತಲೆ ಎತ್ತುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ. ಆ ಗುಡಿಯ ಸುತ್ತ ಮನೆಗಳಿದ್ದವು, ಹೊಲಗಳಿದ್ದವು. ಅವನ್ನು ಬಿಟ್ಟು ಎದ್ದವರು ತಾವಾಗಿ ದಾನ ಕೊಟ್ಟವರಲ್ಲ, ಬಿಡಬೇಕಾಗಿ ಬಂದವರು. ಆದರೂ ಕೆಳಗಿನ ಲಕ್ಷಾಂತರ ಎಕರೆ ಹಸಿರಾದದ್ದು ಅವರು ಕಳೆದುಕೊಂಡದ್ದರಿಂದ. ಊರಿನ ಋಣ ಲೆಕ್ಕ ಹಾಕುವಾಗ ಇವರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ದೊಡ್ಡ ಮನೆತನವೇ ಕೊಡಬೇಕು ಎಂಬ ನಂಬಿಕೆಯೂ ತಪ್ಪೇ. ಕೊಪ್ಪಳದ ಹತ್ತಿರದ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರಿಗೆ 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಾಗ ನಾಡೇ ಅವರತ್ತ ತಿರುಗಿ ನೋಡಿತು. ತಮಗಿದ್ದ ಎರಡು ಎಕರೆ ಜಮೀನನ್ನು ಊರಿನ ಶಾಲೆಗೆ ಬಿಟ್ಟುಕೊಟ್ಟ ಬಡ ಹೆಣ್ಣುಮಗಳು ಆಕೆ. ಅದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬಡಿಸುವ ಕೆಲಸ ಮಾಡಿದರು. ಸಂಸ್ಥಾನದ ಸಾವಿರ ಎಕರೆಯೂ ಹುಚ್ಚಮ್ಮನವರ ಎರಡು ಎಕರೆಯೂ ತಕ್ಕಡಿಯಲ್ಲಿ ಬೇರೆ ಬೇರೆ ತೂಗಬಹುದು. ಕೊಟ್ಟ ಮೇಲೆ ಕೈಯಲ್ಲಿ ಏನು ಉಳಿಯಿತೆಂದು ನೋಡಿದರೆ ತೂಕ ಬದಲಾಗುತ್ತದೆ.

ಈ ಭಾಗದಲ್ಲಿ ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸ ಹೇಳುವ ರೂಢಿಯಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ. ತಾನು ಕೊಟ್ಟೆನೆಂಬ ಭಾವ ಅಲ್ಲಿ ಇರಕೂಡದು. ಹನ್ನೆರಡನೆಯ ಶತಮಾನದ ಶರಣರು ಕಲಿಸಿದ ಪಾಠ ಅದು. ಆ ಪಾಠವನ್ನು ಹುಚ್ಚಮ್ಮನವರಂಥವರು ಪುಸ್ತಕದಿಂದ ಕಲಿತದ್ದಲ್ಲ.

ಮಕ್ಕಳು ಬರೆಯಬಹುದಾದ ಶಾಸನ

ಹಾಗಾದರೆ ಈಗ ಮಾಡಬೇಕಾದದ್ದು ಏನು? ಹಣ ಖರ್ಚಾಗದ, ವೇದಿಕೆ ಬೇಡದ ಒಂದು ಕೆಲಸವಿದೆ. ಹಳ್ಳಿ ಪಟ್ಟಣ ಎನ್ನದೆ ನಮ್ಮ ಬಹಳಷ್ಟು ಹಳೆಯ ಶಾಲೆಗಳ ಜಾಗ, ಕೋಣೆ, ಬಾವಿ, ಪುಸ್ತಕಗಳ ಹಿಂದೆ ಯಾರೋ ಒಬ್ಬರ ಕೊಡುಗೆ ಇರುತ್ತದೆ. ಶಾಲೆಯ ಗೋಡೆಯ ಮೇಲೆ ಬಣ್ಣ ಮಾಸಿದ ಫಲಕವೂ ಇದ್ದೀತು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಊರ ಹಿರಿಯರ ಬಳಿ ಹೋಗಲಿ. ಹಳೆಯ ಶಾಸನ ಬರೆದವರು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳನ್ನೇ ಕೇಳಲಿ.

ಕೊಟ್ಟವರು ಯಾರು? ಕೊಟ್ಟದ್ದು ಏನು, ಎಷ್ಟು? ಯಾವ ವರ್ಷ? ಯಾವ ಉದ್ದೇಶಕ್ಕೆ? ಆ ಕೊಡುಗೆ ಇಂದು ಅದೇ ಉದ್ದೇಶಕ್ಕೆ ಸಲ್ಲುತ್ತಿದೆಯೇ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಶಾಲೆಗೆಂದು ಕೊಟ್ಟ ಜಾಗ ಒತ್ತುವರಿಯಾಗಿದ್ದರೆ, ವಾಚನಾಲಯಕ್ಕೆಂದು ಕೊಟ್ಟ ಕೋಣೆಯಲ್ಲಿ ಹಳೆಯ ಸಾಮಾನು ತುಂಬಿದ್ದರೆ ದಾನಿಯ ಭಾವಚಿತ್ರಕ್ಕೆ ಹಾಕಿದ ಹಾರದಿಂದ ಏನೂ ಸರಿಹೋಗುವುದಿಲ್ಲ. ಕೋಣೆಯನ್ನು ಗುಡಿಸಿ ಪುಸ್ತಕ ಜೋಡಿಸುವುದೇ ಅವರಿಗೆ ಸಲ್ಲಿಸುವ ಸನ್ಮಾನ.

ಹಾಗೆಯೇ ಫಲಕವಿಲ್ಲದವರನ್ನೂ ಹುಡುಕಲಿ. ಮೂವತ್ತು ವರ್ಷ ಸೂಲಗಿತ್ತಿಯಾಗಿ ದುಡಿದ ಅಜ್ಜಿ, ಶಾಲೆ ಬಿಟ್ಟ ಮೇಲೆ ಬಡ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ ಲೆಕ್ಕ ಹೇಳಿಕೊಟ್ಟ ಮಾಸ್ತರು, ಪ್ರವಾಹ ಬಂದಾಗ ಮನೆಬಾಗಿಲು ತೆರೆದಿಟ್ಟು ರೊಟ್ಟಿ ಬಡಿದು ಹಾಕಿದ ಹೆಣ್ಣುಮಕ್ಕಳು, ಮುಳುಗಿದ ಊರಿನಿಂದ ಎದ್ದು ಬಂದು ಹೊಸದಾಗಿ ಒಲೆ ಹೂಡಿದವರು. ಬರುವ ಗ್ಯಾದರಿಂಗಿನಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಇಂಥ ಒಬ್ಬರ ಬಗ್ಗೆ ಐದು ನಿಮಿಷ, ವಿಶೇಷಣಗಳಿಲ್ಲದೆ, ಮಾಡಿದ ಕೆಲಸವನ್ನಷ್ಟೇ ಹೇಳಿದರೆ ಸಾಕು. ಶಾಲು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ತಂದೆ ತಾಯಂದಿರ ಪಾಲಿಗೂ ಕೆಲಸವಿದೆ. ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸುವಾಗ ಫೀ ಎಷ್ಟು, ಹಾಸ್ಟೆಲ್ ಎಲ್ಲಿ, ಬಸ್ ಪಾಸ್ ಹೇಗೆ ಎಂದು ವಿಚಾರಿಸುತ್ತಾರೆ. ಅದರ ಜೊತೆಗೆ ಬಾಗಿಲ ಮೇಲಿನ ಹೆಸರು ಯಾರದು ಎಂದೂ ವಿಚಾರಿಸಬಹುದು. ಒಬ್ಬರು ಬಿಟ್ಟುಕೊಟ್ಟದ್ದರಿಂದ ತಾನು ಓದುತ್ತಿದ್ದೇನೆಂದು ಗೊತ್ತಿರುವ ಹುಡುಗಿ, ನಾಳೆ ತನ್ನ ಕೈ ತುಂಬಿದಾಗ ಬಿಟ್ಟುಕೊಡುವ ಸಂಭವ ಹೆಚ್ಚು. ಗಿಲಗಂಚಿ, ಅರಟಾಳರಿಂದ ಸಪ್ತರ್ಷಿಗಳಿಗೆ, ಅವರಿಂದ ಮುಂದಿನವರಿಗೆ ಈ ರೂಢಿ ದಾಟಿ ಬಂದದ್ದು ಹಾಗೆಯೇ.

ಧುಪದಾಳದ ಆ ಹುಡುಗನಿಗೆ ಈಗ ಆರ್.ಎಲ್. ಯಾರೆಂದು ಗೊತ್ತಾಗಿದೆ. ಆದರೆ ಘಟಪ್ರಭಾದಲ್ಲಿ ‘ಜೆ.ಜಿ. ಆಸ್ಪತ್ರೆ’ ಎಂದು ಊರವರು ಕರೆಯುವ ಸಹಕಾರಿ ಆಸ್ಪತ್ರೆಯೊಂದಿದೆ. ಆ ಎರಡು ಅಕ್ಷರಗಳ ಹಿಂದೆ ಯಾರಿದ್ದಾರೆ? ಇದು ಅವನಿಗೂ ಅವನ ಗೆಳೆಯರಿಗೂ ಬಿಟ್ಟ ಮನೆಗೆಲಸ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಸೈಕಲ್ ಹತ್ತಿದರೆ ಸಾಕು.